ಭಾವಮೈದನ ಪ್ರೋ

ಲ್ಯಾಪ್‌ಟಾಪ್ ಕೊಳ್ಳುವವರಿಗೆ ದುಡ್ಡಿನ ಬರ ಇರಬಹುದು, ಸಲಹೆಯ ಬರ ಇರುವುದಿಲ್ಲ. ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದ ಸುದ್ದಿ ನಮ್ಮ ಬೀದಿಯ ಕೊನೆ ಮುಟ್ಟಲು ಬಹಳ ದಿನ ಹಿಡಿಯಿತು; ಅವಳಿಗೆ ಲ್ಯಾಪ್‌ಟಾಪ್ ಕೊಡಿಸುತ್ತಾರಂತೆ ಎಂಬುದು ಸಂಜೆಯೊಳಗೇ ಮುಟ್ಟಿತು. ಕೆಳಗಿನ ಮನೆಯ ಆಡಿಟರು ಗೇಟಿನ ಬಳಿ ನನ್ನನ್ನು ತಡೆದು, ರ‍್ಯಾಮ್ ಹದಿನಾರಕ್ಕಿಂತ ಕಡಿಮೆ ಬೇಡವೇ ಬೇಡ ಎಂದರು. ಇಸ್ತ್ರಿ ಅಂಗಡಿಯವರ ಮಗ, ಅವನೂ ಎಂಜಿನಿಯರಿಂಗೇ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪುಗಳ ಬಗ್ಗೆ ತುಂಬಾ ಕನಿಕರದಿಂದ ಮಾತಾಡಿದ. ಹೆಂಡತಿ ತೂಕ ಎಷ್ಟು ಅಂತ ಕೇಳಿದಳು. ಅಮ್ಮ, "ಮನೇಲಿ ಒಂದು ಇದೆಯಲ್ಲ, ಅದಕ್ಕೇನಾಗಿದೆ?" ಅಂದರು. ಅದಕ್ಕೇನೂ ಆಗಿರಲಿಲ್ಲ. ಅದರೊಳಗಿನ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರು 2025ರ ಅಕ್ಟೋಬರ್ 14ರಂದು ಎಳ್ಳುನೀರು ಬಿಟ್ಟಿದ್ದರು, ಅಷ್ಟೆ. ಹನ್ನೊಂದು ಹಾಕೋಣವೆಂದರೆ ಆ ಯಂತ್ರದ ವಯಸ್ಸು ಹೊಂದುವುದಿಲ್ಲವಂತೆ. ಒಳ್ಳೇ ಸ್ಥಿತಿಯಲ್ಲಿರುವ ವಸ್ತುವನ್ನು ಬದಿಗಿಡುವುದಕ್ಕೆ ಇದೂ ಒಂದು ಕಾರಣ ಅಂತ ಅಮ್ಮನಿಗೆ ಒಪ್ಪಿಸುವುದು ಇಂದಿಗೂ ಆಗಿಲ್ಲ.

ಭಾವಮೈದ ಮಾತ್ರ ರ‍್ಯಾಮನ್ನೂ ಕೇಳಲಿಲ್ಲ, ತೂಕವನ್ನೂ ಕೇಳಲಿಲ್ಲ. ಫೋನ್ ಮಾಡಿದವನೇ, "ಭಾವ, ಹೋಮಾ, ಪ್ರೋನಾ?" ಅಂದ.

ಅವನು ಖಾಸಗಿ ಕಂಪನಿಯೊಂದರ ಮಾರಾಟ ವಿಭಾಗದಲ್ಲಿದ್ದಾನೆ. ಅವನ ಪ್ರಕಾರ ಲೋಕದ ಎಲ್ಲ ವಸ್ತುಗಳಲ್ಲೂ ಎರಡು ಬಗೆ: ನಮ್ಮಂಥವರು ಕೊಳ್ಳುವುದು ಒಂದು, ನಿಜವಾಗಿ ಕೊಳ್ಳಬೇಕಾದದ್ದು ಇನ್ನೊಂದು. ಊರಿಗೆ ಹೊರಟರೆ ಕೆಂಪು ಬಸ್ಸು ಖಾಲಿ ನಿಂತಿದ್ದರೂ ಐರಾವತಕ್ಕೇ ಕಾಯುತ್ತಾನೆ, ಎರಡೂ ಸೇರುವುದು ಅದೇ ಬಸ್‌ಸ್ಟ್ಯಾಂಡು ಅಂದರೆ, "ಸೇರೋದಷ್ಟೇ ಮುಖ್ಯನಾ ಭಾವ?" ಅನ್ನುತ್ತಾನೆ. ಇಂಥವನಿಗೆ ಹೋಮ್ ಅನ್ನುವ ಹೆಸರೇ ಹಿಡಿಸದು. ಮನೆಯಲ್ಲಿ ಕೂತಿರುವವರಿಗೆ, ಅನ್ನುವ ದನಿ ಅದರಲ್ಲಿದೆಯಂತೆ.

ಅಂಗಡಿಗಳಲ್ಲಿ ಲ್ಯಾಪ್‌ಟಾಪಿನ ಮುಂದೆ ಒಂದು ಕಾರ್ಡು ನಿಲ್ಲಿಸಿರುತ್ತಾರೆ. ಐ5, 16 ಜಿಬಿ, 512 ಎಸ್‌ಎಸ್‌ಡಿ, 15.6 ಇಂಚು, ಕೊನೆಯಲ್ಲಿ ಜಾಗ ಸಾಲದೆ ಒತ್ತಿಕೊಂಡು ನಿಂತ ಡಬ್ಲ್ಯೂ11 ಎಚ್‌ಎಸ್‌ಎಲ್. ಮೊದಲಿನ ನಾಲ್ಕರ ಮೇಲೆ ಚೌಕಾಸಿ, ವಾದ, ವಿವಾದ ಎಲ್ಲ ನಡೆಯುತ್ತದೆ. ಕೊನೆಯದನ್ನು ಯಾರೂ ಓದುವುದಿಲ್ಲ, ಅಂಗಡಿಯ ಹುಡುಗನೂ ಓದಿ ಹೇಳುವುದಿಲ್ಲ. ನಾನು ಕೇಳಿದ್ದಕ್ಕೆ ಅವನು, "ಅದು ವಿಂಡೋಸ್ ಸರ್, ಒಳಗೇ ಬರತ್ತೆ" ಅಂದ. ಹಾಗಾದರೆ ಪ್ರೋ? "ಅದೂ ವಿಂಡೋಸೇ ಸರ್."

ಇದಕ್ಕಿಂತ ಖಚಿತವಾದ ಉತ್ತರವನ್ನು ನಾನು ಆಮೇಲೂ ಎಲ್ಲೂ ಕೇಳಲಿಲ್ಲ.

ಆದರೂ ಪ್ರೋ ಅಂದರೆ ಹೆಚ್ಚಿಗೆ ಏನು ಸಿಗುತ್ತದೆ ಅಂತ ತಿಳಿದುಕೊಳ್ಳಬೇಕಲ್ಲ. ಭಾವಮೈದನನ್ನು ಕೇಳಿದರೆ "ಸೆಕ್ಯುರಿಟಿ" ಅಂದ. ಯಾವ ಸೆಕ್ಯುರಿಟಿ ಅಂದರೆ "ಫುಲ್ ಸೆಕ್ಯುರಿಟಿ" ಅಂದ. ಅವನು ಹೇಳುತ್ತಿದ್ದದ್ದು ಬಿಟ್‌ಲಾಕರ್ ಇರಬೇಕು. ಲ್ಯಾಪ್‌ಟಾಪು ಕಳುವಾಗಿ, ಕದ್ದವನು ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿ ನೋಡಿದರೂ ಒಂದಕ್ಷರ ಓದಲಾಗದಂತೆ ಪೂರಾ ಡಿಸ್ಕನ್ನೇ ಗೂಢಲಿಪಿಗೆ ತಿರುಗಿಸಿಡುವ ಏರ್ಪಾಡು ಅದು. ಒಳ್ಳೆಯದೇ. ಆದರೆ ಅದಕ್ಕೆ ಕಳ್ಳನ ಮೇಲಷ್ಟೇ ಅಲ್ಲ, ಒಡೆಯನ ಮೇಲೂ ಸಂಶಯ ಬರುವುದುಂಟು. ಮದರ್‌ಬೋರ್ಡ್ ಬದಲಾಯಿಸಿದಿರಿ, ಅಥವಾ ಬಯಾಸ್‌ನಲ್ಲೇನೋ ಕೈಯಾಡಿಸಿದಿರಿ ಅನ್ನಿ. ಬೆಳಿಗ್ಗೆ ತೆರೆದರೆ ನೀಲಿ ಪರದೆಯ ಮೇಲೆ 48 ಅಂಕಿಗಳ ಕೀಲಿ ಕೇಳುತ್ತದೆ. ನಾಲ್ವತ್ತೆಂಟು! ನಮ್ಮ ಮನೆಯಲ್ಲಿ ಗ್ಯಾಸ್ ಪುಸ್ತಕ ಬೇಕೆಂದರೆ ಮೂರು ಡ್ರಾಯರ್, ಒಂದು ಟ್ರಂಕು ತೆಗೆಯಬೇಕು. ಇನ್ನು ಈ ಕೀಲಿಯನ್ನು ಯಾರು ಎಲ್ಲಿ ಬರೆದಿಟ್ಟು ಯಾವಾಗ ಹುಡುಕುವುದು? ತಮಾಷೆಯೆಂದರೆ ಹೋಮ್‌ನಲ್ಲೂ ಇದರ ಕಿರಿದಾದ ರೂಪವೊಂದು ಇದೆ, ಡಿವೈಸ್ ಎನ್‌ಕ್ರಿಪ್ಶನ್ ಅಂತ. ಯಂತ್ರ ಒಪ್ಪುವಂಥದ್ದಾಗಿದ್ದರೆ, ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಬಂದವರಿಗೆ ಅದು ಸದ್ದಿಲ್ಲದೆ ಚಾಲೂ ಆಗಿ, ಕೀಲಿಯನ್ನು ಆ ಖಾತೆಯಲ್ಲೇ ಇಟ್ಟಿರುತ್ತದೆ. ಅಂದರೆ ಹೋಮ್ ಕೊಂಡವರನ್ನು ಕಳ್ಳರ ಪಾಲಿಗೆ ಬಿಟ್ಟಿದ್ದಾರೆ ಅನ್ನುವ ಹಾಗಿಲ್ಲ.

ಎರಡನೆಯದು ರಿಮೋಟ್ ಡೆಸ್ಕ್‌ಟಾಪ್. ದೂರದಲ್ಲಿ ಕೂತು ಇನ್ನೊಂದು ಯಂತ್ರವನ್ನು ತನ್ನದೇ ಎಂಬಂತೆ ನಡೆಸುವುದು. ಹೋಮ್ ಇರುವ ಯಂತ್ರದಿಂದ ಬೇರೆ ಯಂತ್ರದೊಳಕ್ಕೆ ಹೋಗಬಹುದು. ಈ ದಾರಿಯಲ್ಲಿ ಬೇರೆಯವರು ಇದರೊಳಕ್ಕೆ ಬರಲಾಗದು. ಪ್ರೋನಲ್ಲಿ ಬರಬಹುದು. ಇದನ್ನು ವಿವರಿಸಿದಾಗ ಮಗಳು, "ಹಾಗಾದ್ರೆ ಹೋಮೇ ಇರಲಿ ಅಪ್ಪ, ಮಾವ ಒಳಗೆ ಬರೋದು ತಪ್ಪತ್ತೆ" ಅಂದಳು.

ಮಿಕ್ಕವೆಲ್ಲ ಆಫೀಸಿನ ಸಂಗತಿ. ನೂರು ಲ್ಯಾಪ್‌ಟಾಪುಗಳನ್ನು ಒಂದೇ ಕಡೆಯಿಂದ ಹದ್ದುಬಸ್ತಿನಲ್ಲಿಡುವುದು, ಯಾರು ಏನನ್ನು ಮುಟ್ಟಬಾರದು ಅಂತ ಗ್ರೂಪ್ ಪಾಲಿಸಿ ಮಾಡುವುದು, ಇತ್ಯಾದಿ. ನಮ್ಮ ಮನೆಯಲ್ಲಿ ಆ ಕೆಲಸವನ್ನು ಹೆಂಡತಿ ಯಾವ ಎಡಿಷನ್ನಿನ ಸಹಾಯವೂ ಇಲ್ಲದೆ ನಡೆಸುತ್ತಾಳೆ. ಯಂತ್ರದೊಳಗೆ ಇನ್ನೊಂದು ಯಂತ್ರ ಎಬ್ಬಿಸುವ ಹೈಪರ್-ವಿ ಎಂಬುದೊಂದಿದೆ; ಎಂಜಿನಿಯರಿಂಗ್ ಹುಡುಗರಿಗೆ ಅದು ಬೇಕಾಗಬಹುದು ನಿಜ, ಆದರೆ ಆ ಕೆಲಸಕ್ಕೆ ವರ್ಚುವಲ್‌ಬಾಕ್ಸ್ ಪುಕ್ಕಟೆಯಾಗಿ ಸಿಗುತ್ತದೆ, ಹೋಮ್‌ನ ಮೇಲೂ ಓಡುತ್ತದೆ. ಕೊನೆಗೆ ಉಳಿದದ್ದು ರ‍್ಯಾಮಿನ ಮಿತಿ. ವಿಂಡೋಸ್ 11 ಹೋಮ್ 128 ಜಿಬಿಗಿಂತ ಹೆಚ್ಚು ರ‍್ಯಾಮನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಪ್ರೋ 2 ಟಿಬಿ ತನಕ ತೆಗೆದುಕೊಳ್ಳುತ್ತದೆ. ಹದಿನಾರಕ್ಕೇ ಗೇಟು ಹಿಡಿದು ನಿಂತಿದ್ದ ಆಡಿಟರಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಮುಂದಕ್ಕೆ ಬೇಕಾಗಬಹುದು" ಅಂದರು.

ಒಂದು ಭಾನುವಾರ ಭಾವಮೈದ ಊಟಕ್ಕೆ ಬಂದ, ತನ್ನ ಲ್ಯಾಪ್‌ಟಾಪನ್ನೂ ತಂದಿದ್ದ. ಪ್ರೋ ಅಂದರೆ ಹೇಗಿರುತ್ತದೆ ಅಂತ ಮಗಳಿಗೆ ತೋರಿಸುವುದು ಉದ್ದೇಶ. ವೇಗ ನೋಡು, ಸ್ಮೂತ್‌ನೆಸ್ ನೋಡು ಅಂತ ಕಿಟಕಿಗಳನ್ನು ತೆಗೆದು ಮುಚ್ಚಿ ಮಾಡಿದ. ಅವಳು ವಿಂಡೋಸ್ ಗುಂಡಿಯ ಜೊತೆಗೆ ಆರ್ ಒತ್ತಿ, ವಿನ್‌ವರ್ ಅಂತ ಟೈಪಿಸಿ ಎಂಟರ್ ಹೊಡೆದಳು. ಪುಟ್ಟದೊಂದು ಕಿಟಕಿ ಬಂತು: ವಿಂಡೋಸ್ 11 ಹೋಮ್ ಸಿಂಗಲ್ ಲ್ಯಾಂಗ್ವೇಜ್.

ಎಲೆಯ ಮುಂದೆ ಕೂತವರೆಲ್ಲ ಸುಮ್ಮನಾದರು. ಭಾವಮೈದ ಮಜ್ಜಿಗೆ ಹುಳಿ ಕಲಸುತ್ತಾ, "ಯಾವುದೋ ಅಪ್‌ಡೇಟ್‌ನಲ್ಲಿ ಇಳಿದುಬಿಟ್ಟಿದೆ" ಅಂದ. ಹಾಗೆ ಅದಾಗಿಯೇ ಇಳಿಯುವುದಿಲ್ಲ. ಹೋಮಿನಿಂದ ಪ್ರೋಗೆ ಏರುವುದಕ್ಕೆ ದುಡ್ಡು ಕೊಟ್ಟು ಒಂದು ಕೀಲಿ ಕೊಂಡರೆ ಸಾಕು, ಇದ್ದ ಕಡತಗಳು ಇದ್ದಲ್ಲೇ ಇರುತ್ತವೆ. ಇಳಿಯಬೇಕೆಂದರೆ ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು. ಇದನ್ನು ಅವನಿಗೆ ಹೇಳುವ ಮನಸ್ಸಾಗಲಿಲ್ಲ. ಬಂದ ನೆಂಟ, ಹಪ್ಪಳ ಹಾಕಿಸಿದೆ.

ಕೀಲಿ ಕೊಂಡರೆ ಸಾಕು ಅಂದೆನಲ್ಲ, ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಅದೇ. ಪ್ರೋ ಅಂತ ಬೇರೆ ಪದಾರ್ಥವೇನೂ ಕಾರ್ಖಾನೆಯಿಂದ ಬರುವುದಿಲ್ಲ. ವಿಂಡೋಸ್ ಹಾಕುವ ಕಡತ ಎರಡಕ್ಕೂ ಒಂದೇ. ಯಾವ ಕೀಲಿ ಕೊಟ್ಟಿರಿ ಎಂಬುದರ ಮೇಲೆ ಅದು ಹೋಮೋ ಪ್ರೋವೋ ಆಗುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಪರಿಸ್ಥಿತಿ ಹೊಸದಲ್ಲ. ಮೂರು ಕೋಣೆಯ ಮನೆ, ಒಂದಕ್ಕೆ ಬೀಗ. "ಅದರಲ್ಲಿ ನಮ್ಮ ಸಾಮಾನಿದೆ, ಬೇಕೇಬೇಕು ಅಂದ್ರೆ ತೆಗೆದುಕೊಡೋಣ, ಬಾಡಿಗೆ ಸ್ವಲ್ಪ ಬೇರೆಯಾಗತ್ತೆ" ಅನ್ನುತ್ತಾರೆ ಮಾಲೀಕರು. ಅದುವರೆಗೆ ಎರಡು ಕೋಣೆ ಧಾರಾಳವಾಯಿತು ಅಂದುಕೊಂಡಿದ್ದವರಿಗೆ ಆ ಕ್ಷಣದಿಂದ ಮೂರನೆಯದರದೇ ಧ್ಯಾನ.

ಈ ಬೀಗದ ವ್ಯಾಪಾರಕ್ಕೆ ಒಳ್ಳೆಯ ಇತಿಹಾಸವಿದೆ. 2001ರಲ್ಲಿ ಎಕ್ಸ್‌ಪಿ ಬಂದಾಗಲೇ ಹೋಮ್, ಪ್ರೊಫೆಷನಲ್ ಅಂತ ಎರಡು ಬಾಗಿಲು. ಸ್ವಲ್ಪ ಕಾಲಕ್ಕೆ, ಬಡದೇಶಗಳವರು ಕಳ್ಳ ನಕಲು ಬಳಸದಿರಲಿ ಅಂತ ಅಗ್ಗದ ಸ್ಟಾರ್ಟರ್ ಎಡಿಷನ್ ಮಾಡಿದರು. 2005ರಲ್ಲಿ ಅದು ಭಾರತಕ್ಕೂ ಬಂತು, ಹಿಂದಿಯಲ್ಲಿ. ಅದರ ವಿಶೇಷವೆಂದರೆ ಒಟ್ಟಿಗೆ ಮೂರು ತಂತ್ರಾಂಶಗಳನ್ನು ಮಾತ್ರ ತೆರೆಯಬಹುದಿತ್ತು. ನಾಲ್ಕನೆಯದಕ್ಕೆ ಕೈ ಹಾಕಿದರೆ, ಮೊದಲು ಇರುವ ಮೂರರಲ್ಲಿ ಒಂದನ್ನು ಮುಚ್ಚಿ ಅನ್ನುತ್ತಿತ್ತು. ಬಡವರು ಏಕಾಗ್ರತೆಯಿಂದ ಕೆಲಸ ಮಾಡಲಿ ಅನ್ನುವ ಕಾಳಜಿಯೋ ಏನೋ! ಕಳ್ಳ ನಕಲಿನಲ್ಲಿ ಇಂಥ ನಿರ್ಬಂಧ ಯಾವುದೂ ಇರಲಿಲ್ಲ ಎಂಬುದನ್ನು ಯಾರೂ ಲೆಕ್ಕ ಹಾಕಿದಂತಿಲ್ಲ.

2007ರ ವಿಸ್ತಾ ಕಾಲಕ್ಕೆ ಎಡಿಷನ್ನುಗಳು ಆರಾದವು. ಸ್ಟಾರ್ಟರ್, ಹೋಮ್ ಬೇಸಿಕ್, ಹೋಮ್ ಪ್ರೀಮಿಯಂ, ಬಿಸಿನೆಸ್, ಎಂಟರ್‌ಪ್ರೈಸ್, ಎಲ್ಲಕ್ಕೂ ಮೇಲೆ ಅಲ್ಟಿಮೇಟ್. ಅಮೆರಿಕದಲ್ಲಿ ಅದರ ಬೆಲೆ 399 ಡಾಲರ್. ಕೊಂಡವರಿಗೆ ಆಗಾಗ ವಿಶೇಷ ಕೊಡುಗೆಗಳನ್ನು ಕಳಿಸುತ್ತೇವೆ ಅಂತ ಮಾತು ಕೊಟ್ಟಿದ್ದರು. ಬಂದದ್ದರಲ್ಲಿ ಹೇಳಿಕೊಳ್ಳುವಂಥದ್ದು ಒಂದು ಇಸ್ಪೀಟಾಟ, ಪರದೆಯ ಹಿಂದೆ ಚಿತ್ರದ ಬದಲು ವಿಡಿಯೋ ಓಡಿಸುವ ಒಂದು ಸೌಕರ್ಯ. ಭಾವಮೈದನಿಗೆ ಆಗ ಕೆಲಸ ಸಿಕ್ಕಿರಲಿಲ್ಲ, ಬಚಾವಾದ.

ನನಗೆ ಬಹಳ ಇಷ್ಟವಾದದ್ದು 2009ರ ವಿಂಡೋಸ್ 7ರ ಸ್ಟಾರ್ಟರ್. ಪುಟಾಣಿ ನೆಟ್‌ಬುಕ್‌ಗಳಲ್ಲಿ ಬರುತ್ತಿತ್ತು. ಮೂರೇ ತಂತ್ರಾಂಶ ಎಂಬ ಕಟ್ಟಳೆಯನ್ನು ಇದರಲ್ಲೂ ಇಡುವ ಯೋಚನೆಯಿತ್ತು, ಬಿಡುಗಡೆಗೆ ಮೊದಲೇ ಕೈಬಿಟ್ಟರು. ಆದರೆ ಪರದೆಯ ಹಿನ್ನೆಲೆ ಚಿತ್ರ ಬದಲಾಯಿಸುವ ಹಾಗಿರಲಿಲ್ಲ! ಮಗುವಿನ ಫೋಟೋವನ್ನೋ ಮನೆದೇವರ ಚಿತ್ರವನ್ನೋ ಇಟ್ಟುಕೊಳ್ಳೋಣ ಅಂದರೆ ಹೆಚ್ಚಿನ ಎಡಿಷನ್ನಿಗೆ ದುಡ್ಡು ಕಟ್ಟಬೇಕು. ಯಾವ ಸಭೆಯಲ್ಲಿ ಯಾರು ಕೂತು ಇದನ್ನು ತೀರ್ಮಾನಿಸಿದರೋ! ಬರಿಯ ಲೆಕ್ಕಶಾಸ್ತ್ರ ಬಲ್ಲವರಿಗೆ ಹೊಳೆಯುವಂಥದ್ದಲ್ಲ, ಮನುಷ್ಯರನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ಯುರೋಪಿನವರದು ಇನ್ನೊಂದು ಕತೆ. ವಿಂಡೋಸ್ ಜೊತೆಗೆ ಮೀಡಿಯಾ ಪ್ಲೇಯರನ್ನು ಕಟ್ಟಿ ಮಾರುವುದು ಸರಿಯಲ್ಲ ಅಂತ 2004ರಲ್ಲಿ ಯುರೋಪಿಯನ್ ಆಯೋಗ ಮೈಕ್ರೋಸಾಫ್ಟಿಗೆ 497 ಮಿಲಿಯನ್ ಯೂರೋ ದಂಡ ಹಾಕಿ, ಪ್ಲೇಯರ್ ಇಲ್ಲದ್ದನ್ನೂ ಮಾರಿ ಅಂತು. ಕಂಪನಿ ಅದಕ್ಕೆ 'ರೆಡ್ಯೂಸ್ಡ್ ಮೀಡಿಯಾ ಎಡಿಷನ್' ಎಂದು ಹೆಸರಿಟ್ಟಿತು. ಇಂಥ ಸಪ್ಪೆ ಹೆಸರಿಟ್ಟರೆ ಯಾರು ಕೊಳ್ಳುತ್ತಾರೆ ಅಂತ ಆಯೋಗ ಒಪ್ಪಲಿಲ್ಲ. ಕಡೆಗೆ ಎನ್ ಎಡಿಷನ್ ಅಂತಾಯಿತು. ಬೆಲೆ ಮಾತ್ರ ಪ್ಲೇಯರ್ ಇದ್ದದ್ದಕ್ಕೂ ಇಲ್ಲದ್ದಕ್ಕೂ ಒಂದೇ. ಕೊಳ್ಳುವವರು ಬರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಆಮೇಲೆ ಇಂಥದೇ ತೀರ್ಪಿನಿಂದ ಕೆ ಎಡಿಷನ್ನೂ ಹುಟ್ಟಿತು. ಕನ್ನಡಿಗರು ಆಸೆಪಡುವುದು ಬೇಡ, ಅದು ಕೊರಿಯಾದ್ದು.

ಇಷ್ಟೆಲ್ಲ ತಿಳಿದ ಮೇಲೂ ಲ್ಯಾಪ್‌ಟಾಪ್ ಕೊಳ್ಳುವುದು ಬಾಕಿಯೇ ಇತ್ತು. ಎಸ್.ಪಿ. ರೋಡಿಗೆ ಒಂದು ಸುತ್ತು ಹೋಗಿ ಬಂದೆವು. ಅಲ್ಲಿ ವಿಂಡೋಸ್ ಇಲ್ಲದ ಲ್ಯಾಪ್‌ಟಾಪುಗಳೂ ಸಿಗುತ್ತವೆ, 'ಡಾಸ್ ಲ್ಯಾಪ್‌ಟಾಪ್' ಅನ್ನುತ್ತಾರೆ. ಅದರಲ್ಲಿರುವುದು ಸಾಮಾನ್ಯವಾಗಿ ಫ್ರೀಡಾಸ್. ಎಂಎಸ್-ಡಾಸ್ ಇನ್ನು ನಿಲ್ಲುತ್ತದೆ ಅಂತ ಗೊತ್ತಾದಾಗ, 1994ರಲ್ಲಿ ಜಿಮ್ ಹಾಲ್ ಎಂಬ ಅಮೆರಿಕದ ವಿದ್ಯಾರ್ಥಿ, ನಿಲ್ಲಬಾರದು ಅಂತ ಹಟಕ್ಕೆ ಬಿದ್ದು ಶುರು ಮಾಡಿದ್ದು. ಅಷ್ಟು ಪ್ರೀತಿಯಿಂದ ಹುಟ್ಟಿದ್ದು ನಮ್ಮಲ್ಲಿ ಒಂದು ಸಲವೂ ಬಳಕೆಯಾಗದೆ ಅಳಿಸಿಹೋಗುತ್ತದೆ. ಡಾಸ್ ಲ್ಯಾಪ್‌ಟಾಪ್ ಕೊಂಡವರಿಗೆ ಅಂಗಡಿಯವರು ದನಿ ತಗ್ಗಿಸಿ, "ಓಎಸ್ ನಾವೇ ಹಾಕಿಕೊಡ್ತೀವಿ ಸರ್" ಅನ್ನುವುದುಂಟು. ಯಾವುದು ಹಾಕುತ್ತೀರಿ ಅಂದರೆ, "ಪ್ರೋನೇ ಸರ್!" ನಮ್ಮ ದೇಶದಲ್ಲಿ ದುಡ್ಡು ಕೊಟ್ಟವರಿಗೆ ಹೋಮ್, ಕೊಡದವರಿಗೆ ಪ್ರೋ. ಅದು ಬೇಡವೆಂದು ನಾವು ಹೊರಬಂದದ್ದನ್ನು ಕೇಳಿ ಭಾವಮೈದ ಬಹಳ ಹೊತ್ತು ಮಾತಾಡಲಿಲ್ಲ.

ಇನ್ನು ಆ ಎಚ್‌ಎಸ್‌ಎಲ್ ಮಾತಿಗೆ ಬರುತ್ತೇನೆ. ಹೋಮ್ ಸಿಂಗಲ್ ಲ್ಯಾಂಗ್ವೇಜ್. ನಮ್ಮಲ್ಲಿ ಅಂಗಡಿಗೆ ಬರುವ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟಕ್ಕೆ ಇದೇ. ಪರದೆಯ ಮೇಲಿನ ಮೆನು, ಗುಂಡಿ, ಸಂದೇಶ ಇವೆಲ್ಲ ಒಂದೇ ಭಾಷೆಯಲ್ಲಿ ಇರತಕ್ಕದ್ದು, ಬದಲಾಯಿಸತಕ್ಕದ್ದಲ್ಲ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆಗಳಿರುವ ದೇಶಕ್ಕೆ ಆರಿಸಿ ಕಳಿಸಿದ ಎಡಿಷನ್ ಇದು. ಕನ್ನಡ ಬರೆಯುವುದಕ್ಕೇನೂ ಅಡ್ಡಿಯಿಲ್ಲ, ಕೀಲಿಮಣೆ ಸೇರಿಸಿಕೊಳ್ಳಬಹುದು, ಫಾಂಟೂ ಒಳಗೇ ಇದೆ. ನಾವು ಕನ್ನಡದಲ್ಲಿ ಅದಕ್ಕೆ ಎಷ್ಟು ಬೇಕಾದರೂ ಹೇಳಬಹುದು. ಅದು ಮಾತ್ರ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತದೆ. ಹಾಗಂತ ಕನ್ನಡದ ಮೆನು ಮಾಡಿಯೇ ಇಲ್ಲ ಅಂತಲ್ಲ. ಎಕ್ಸ್‌ಪಿ ಕಾಲದಲ್ಲೇ ಕನ್ನಡದ ಪ್ಯಾಕ್ ಇತ್ತು, ಈಗಲೂ ಇದೆ. ಈ ಎಡಿಷನ್ನಿನಲ್ಲಿ ಅದಕ್ಕೆ ಬೀಗ.

ಅಮ್ಮನ ಹತ್ತಿರ ಒಂದು ಅಗ್ಗದ ಫೋನಿದೆ. ಮಗಳು ಅದನ್ನು ಪೂರಾ ಕನ್ನಡಕ್ಕೆ ಹಾಕಿಕೊಟ್ಟಿದ್ದಾಳೆ, ಪೈಸೆ ಖರ್ಚಿಲ್ಲ. ಬ್ಯಾಟರಿ ಕಡಿಮೆಯಾದರೂ ಕನ್ನಡದಲ್ಲೇ ಹೇಳುತ್ತದೆ, ಅಮ್ಮ ಅದಕ್ಕೆ "ಆಯ್ತು ಇರಪ್ಪ" ಅಂತ ಉತ್ತರ ಕೊಟ್ಟು ಚಾರ್ಜಿಗೆ ಹಾಕುತ್ತಾರೆ. ಅದರ ಆರೇಳು ಪಟ್ಟು ಬೆಲೆಯ ಲ್ಯಾಪ್‌ಟಾಪಿಗೆ ಈ ಯೋಗವಿಲ್ಲ. ಎಚ್‌ಎಸ್‌ಎಲ್ ಕೊಂಡವರು ಕನ್ನಡದ ಮೆನು ಬೇಕೆಂದರೆ ಮಾಡಬೇಕಾದದ್ದೇನು ಅಂತ ವಿಚಾರಿಸಿದೆ. ಪ್ರೋಗೆ ಏರಬೇಕಂತೆ!

ಅಂದರೆ ಬಿಟ್‌ಲಾಕರ್, ಹೈಪರ್-ವಿ, 2 ಟಿಬಿ ರ‍್ಯಾಮು ಎಲ್ಲವನ್ನೂ ಜರಡಿ ಹಿಡಿದ ಮೇಲೆ ನಮ್ಮ ಮನೆಗೆ ಪ್ರೋ ತರುವುದಕ್ಕೆ ಉಳಿದದ್ದು ಕನ್ನಡ ಅಭಿಮಾನ ಒಂದೇ. ಭಾವಮೈದನಿಗೆ ತಿಳಿಸಿದೆ. ಅವನು ಸೆಕ್ಯುರಿಟಿಯನ್ನು ಕೈಬಿಟ್ಟು ಆ ಕ್ಷಣದಿಂದಲೇ ಕನ್ನಡದ ಪರ ನಿಂತ. "ನಾನು ಮೊದಲೇ ಹೇಳಿರಲಿಲ್ವಾ ಭಾವ? ನಮ್ಮ ಭಾಷೆಗೋಸ್ಕರನಾದ್ರೂ ಪ್ರೋ ಬೇಕು" ಅಂದ. ಅವನ ಮಕ್ಕಳು ಮನೆಯಲ್ಲಿ ಅವನನ್ನು ಡ್ಯಾಡ್ ಅನ್ನುತ್ತಾರೆ, ಆ ವಿಷಯ ಈಗ ಬೇಡ.

ಮಗಳು ಎಚ್‌ಎಸ್‌ಎಲ್ ಇದ್ದದ್ದನ್ನೇ ಆರಿಸಿದಳು. ಹೆಂಡತಿ ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ ಒಪ್ಪಿದಳು. ಉಳಿದ ದುಡ್ಡಿಗೆ ಒಂದು ಬ್ಯಾಗು, ಮೌಸು ಬಂತು.

ಕಾಲೇಜು ಶುರುವಾಗಿ ಸ್ವಲ್ಪ ದಿನಕ್ಕೇ ಲ್ಯಾಬಿನಲ್ಲಿ ಎಲ್ಲರೂ ಉಬುಂಟು ಹಾಕಿಕೊಳ್ಳಿ ಅಂದರಂತೆ. ಹೋಮೋ ಪ್ರೋವೋ ಎಂಬ ಇಡೀ ವ್ಯಾಜ್ಯ ಒಂದು ಮಾತಿಗೆ ವಜಾ ಆಯಿತು. ಉಬುಂಟು ನನಗೆ ಹಳೆಯ ಪರಿಚಯ. 2004ರಲ್ಲಿ ಶುರುವಾದಾಗ, ವಿಳಾಸ ಕೊಟ್ಟರೆ ಸಿಡಿಯನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. 2011ರವರೆಗೂ ಆ ಧರ್ಮ ನಡೆಯಿತು. ನಮ್ಮ ಆಫೀಸಿನಲ್ಲಿ ಬಳಸುವವರಿಗಿಂತ ತರಿಸಿಕೊಳ್ಳುವವರು ಹೆಚ್ಚಿದ್ದರು. ಎಡಿಷನ್ನಿನ ಕಾಟ ಇಲ್ಲಾದರೂ ಇಲ್ಲವಲ್ಲ ಅಂದೆ ಮಗಳಿಗೆ. ಅವಳು ಪಟ್ಟಿ ಓದಿದಳು: ಕುಬುಂಟು, ಕ್ಸುಬುಂಟು, ಲುಬುಂಟು, ಎಡುಬುಂಟು. ಮೇಲಿಂದ ಒಂದೊಂದು ಆವೃತ್ತಿಗೆ ಒಂದೊಂದು ಪ್ರಾಣಿಯ ಹೆಸರು. ಅವಳು ಹಾಕಿದ 24.04ಕ್ಕೆ ನಂಬ್ಯಾಟ್ ಅಂತ, ಗೆದ್ದಲು ತಿನ್ನುವ ಆಸ್ಟ್ರೇಲಿಯಾದ ಪ್ರಾಣಿ.

ಹಾಕುವಾಗ ಅದು ಮೊಟ್ಟಮೊದಲು ಕೇಳುವುದು ಭಾಷೆ. ಮಗಳು ಪಟ್ಟಿಯನ್ನು ಕೆಳಗಿನವರೆಗೆ ಎಳೆದು ತೋರಿಸಿದಳು. ಬೀಗ ಕೀಲಿ ಏನೂ ಇಲ್ಲದೆ 'ಕನ್ನಡ' ಅಂತ ಕನ್ನಡದಲ್ಲೇ ಇತ್ತು. "ನೋಡಿದ್ರಾ ಅಪ್ಪ?" ಅಂದಳು. ನೋಡಿದೆ ಅಂದೆ. ಅವಳು ಪಟ್ಟಿಯನ್ನು ಮತ್ತೆ ಮೇಲಕ್ಕೆ ಎಳೆದು ಇಂಗ್ಲಿಷ್ ಒತ್ತಿದಳು. ನಾನು ಏನನ್ನಲಿ? ಇದನ್ನು ಬರೆಯುತ್ತಿರುವ ನನ್ನ ಯಂತ್ರದ ಮೆನುಗಳೂ ಇಂಗ್ಲಿಷೇ.

ಆಮೇಲೆ ಗೊತ್ತಾಯಿತು, ಉಬುಂಟುವಿನಲ್ಲೂ ಪ್ರೋ ಇದೆ. ಸುಳ್ಳಲ್ಲ, ಹೆಸರೇ ಉಬುಂಟು ಪ್ರೋ. ಭದ್ರತೆಯ ಅಪ್‌ಡೇಟುಗಳನ್ನು ಹತ್ತು ವರ್ಷದ ತನಕ ಕೊಡುತ್ತಾರೆ. ಸ್ವಂತ ಬಳಕೆಗಾದರೆ ಐದು ಯಂತ್ರಗಳವರೆಗೆ ಉಚಿತ. ಮಗಳು ಚಾಲೂ ಮಾಡಿಕೊಂಡು, ಮಾವನಿಗೆ ತಾನೇ ಫೋನ್ ಮಾಡಿ ಹೇಳಿದಳು: "ಮಾವ, ಕೊನೆಗೂ ಪ್ರೋ ಹಾಕಿಸಿಕೊಂಡೆ!"

"ಭೇಷ್! ಎಷ್ಟಾಯ್ತು?"

"ಏನಿಲ್ಲ, ಫ್ರೀ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅಪ್ಪನಿಗೆ ಕೊಡು" ಅಂದ.

"ಭಾವ," ಅಂದ ದನಿ ತಗ್ಗಿಸಿ, "ಫ್ರೀಯಾಗಿ ಕೊಡ್ತಾರೆ ಅಂದ್ರೆ ಅದೆಂಥ ಪ್ರೋ? ಅದಕ್ಕೂ ಮೇಲಿಂದು ಇನ್ನೊಂದು ಇದ್ದೇ ಇರತ್ತೆ, ವಿಚಾರಿಸಿ."